ಖಾಲಿ ಸೀಟು ಬೇರೆ, ಸಿಗುವ ಸೀಟು ಬೇರೆ: ಬೆಂಗಳೂರು–ಲಂಡನ್–ಬಾಸ್ಟನ್ ಅಪ್‌ಗ್ರೇಡ್ ಪ್ರಕರಣ

ಮೈಸೂರಿನ ನಿವೃತ್ತ ದಂಪತಿ. ಯಜಮಾನರಿಗೆ 68, ಮಂಡಿ ಸವೆದಿದೆ. ಅವರ ಶ್ರೀಮತಿಗೆ 63, ಕೂತಲ್ಲೇ ನಿದ್ದೆ ಹತ್ತುವುದಿಲ್ಲ. ಮಗಳು ಬಾಸ್ಟನ್‌ನಲ್ಲಿದ್ದಾಳೆ. ಏಪ್ರಿಲ್ ಮಧ್ಯದಲ್ಲಿ ಹೊರಟು, ದಸರೆಯ ನೂಕುನುಗ್ಗಲು ಶುರುವಾಗುವ ಮುಂಚೆ, ಸೆಪ್ಟೆಂಬರ್ ಮಧ್ಯದಲ್ಲಿ ವಾಪಸಾಗುವ ಯೋಚನೆ. ಇಬ್ಬರಿಗೂ ಹೋಗಿಬರುವ ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಳ್ಳುವಷ್ಟು ಹಣ ಹೊಂದುವುದಿಲ್ಲ. ಮಗಳ ಹತ್ತಿರ ಅಮೆರಿಕದ ಚೇಸ್ ಬ್ಯಾಂಕಿನ ಕಾರ್ಡಿನಿಂದ ಕೂಡಿದ ಪಾಯಿಂಟುಗಳಿವೆ. ಒಂದು ಹಂತದಲ್ಲಾದರೂ ಅಪ್ಪ ಅಮ್ಮ ಕಾಲು ಚಾಚಿ ಮಲಗಿ ಬರಲಿ ಅನ್ನುವುದು ಅವಳ ಆಸೆ.

ಈ ದಂಪತಿ, ಅವರ ತಾರೀಖು, ಸೀಟಿನ ಎಣಿಕೆ ಎಲ್ಲ ಮಾದರಿಗಾಗಿ ಕಟ್ಟಿಕೊಂಡದ್ದು. ನಿಯಮ, ತೆರಿಗೆ, ವಿಮಾನದ ವಿವರ ಮಾತ್ರ ನಿಜದವು. ಕರ್ನಾಟಕದಿಂದ ಅಮೆರಿಕಕ್ಕೆ ಮಕ್ಕಳನ್ನು ನೋಡಲು ಹೋಗುವ ಹಿರಿಯರ ಪ್ರಯಾಣ ಹೆಚ್ಚುಕಡಿಮೆ ಹೀಗೇ ಇರುವುದರಿಂದ ಈ ಮಾದರಿ.

ಫ್ರಾಂಕ್‌ಫರ್ಟ್, ಪ್ಯಾರಿಸ್, ದುಬೈ ಮೇಲೆ ಹೋಗುವ ದಾರಿಗಳೂ ಇವೆ. ಇಲ್ಲಿ ಬ್ರಿಟಿಷ್ ಏರ್‌ವೇಸ್ ಆರಿಸಿಕೊಂಡದ್ದಕ್ಕೆ ಎರಡು ಕಾರಣ. ಬೆಂಗಳೂರಿನಿಂದ ಲಂಡನ್ನಿನ ಹೀಥ್ರೂ ನಿಲ್ದಾಣ, ಅಲ್ಲಿಂದ ಬಾಸ್ಟನ್, ಈ ಎರಡೂ ಹಂತಗಳನ್ನು ಅದೇ ಸಂಸ್ಥೆ ಹಾರಿಸುತ್ತದೆ. ಜೊತೆಗೆ ಚೇಸ್ ಪಾಯಿಂಟುಗಳು ಅದರ ಏವಿಯೋಸ್ ಪಾಯಿಂಟುಗಳಾಗಿ ಒಂದಕ್ಕೊಂದರಂತೆ ಬದಲಾಗುತ್ತವೆ.

ಖಾಲಿ ಕಂಡದ್ದೆಲ್ಲ ಖಾಲಿಯಲ್ಲ

ಬಹಳ ಜನ ಮಾಡುವ ಮೊದಲ ಕೆಲಸ ಸೀಟಿನ ನಕ್ಷೆ ತೆರೆದು ನೋಡುವುದು. ಬಿಸಿನೆಸ್ ಕ್ಲಾಸಿನಲ್ಲಿ ಇಪ್ಪತ್ತು ಸೀಟು ಖಾಲಿ ಕಂಡರೆ ‘ಎರಡು ಸಿಕ್ಕೇ ಸಿಗುತ್ತವೆ’ ಎಂಬ ಧೈರ್ಯ ಬರುತ್ತದೆ. ಆ ಧೈರ್ಯಕ್ಕೆ ಆಧಾರವಿಲ್ಲ. ಬ್ರಿಟಿಷ್ ಏರ್‌ವೇಸ್‌ನಲ್ಲಿ ವಿಶೇಷ ಸದಸ್ಯತ್ವ ಇಲ್ಲದವರು ಬಿಸಿನೆಸ್ ಕ್ಲಾಸಿನಲ್ಲೂ ಸೀಟನ್ನು ಮುಂಚಿತವಾಗಿ ಆರಿಸಲು ದುಡ್ಡು ತೆರಬೇಕು. ಹೀಗಾಗಿ ಟಿಕೆಟ್ ಕೊಂಡ ಎಷ್ಟೋ ಜನ ಹೊರಡುವುದಕ್ಕೆ 24 ಗಂಟೆ ಮುಂಚೆ ಚೆಕ್‌ಇನ್ ತೆರೆಯುವ ತನಕ ಸೀಟು ಆರಿಸುವುದೇ ಇಲ್ಲ. ನಕ್ಷೆಯಲ್ಲಿ ಖಾಲಿ ಕಾಣುವ ಆ ಸೀಟು ಮಾರಾಟವಾಗಿ ತಿಂಗಳಾಗಿರಬಹುದು.

ನೋಡಬೇಕಾದದ್ದು ಬುಕಿಂಗ್ ಕ್ಲಾಸಿನ ಅಕ್ಷರಗಳನ್ನು. ಕೂರುವ ಕ್ಯಾಬಿನ್ ಒಂದೇ ಆದರೂ ಸಂಸ್ಥೆ ಅದನ್ನು ಬೇರೆ ಬೇರೆ ದರದ ಕಟ್ಟುಗಳಾಗಿ ಮಾರುತ್ತದೆ, ಒಂದೊಂದು ಕಟ್ಟಿಗೂ ಒಂದೊಂದು ಅಕ್ಷರ. ಬ್ರಿಟಿಷ್ ಏರ್‌ವೇಸ್‌ನ ಬಿಸಿನೆಸ್, ಅಂದರೆ ಕ್ಲಬ್ ವರ್ಲ್ಡ್, ಹಣಕ್ಕೆ ಮಾರುವಾಗ ಜೆ, ಸಿ, ಡಿ, ಆರ್, ಐ ಎಂಬ ಅಕ್ಷರಗಳಲ್ಲಿರುತ್ತದೆ. ಎಕಾನಮಿಗೂ ಬಿಸಿನೆಸ್‌ಗೂ ನಡುವಿನ ಪ್ರೀಮಿಯಂ ಎಕಾನಮಿಯಾದ ವರ್ಲ್ಡ್ ಟ್ರಾವೆಲರ್ ಪ್ಲಸ್‌ಗೆ ಡಬ್ಲ್ಯು, ಇ, ಟಿ. ಪಾಯಿಂಟಿಗೆ ಕೊಡುವ ಬಿಸಿನೆಸ್ ಸೀಟಿಗೆ ಯು ಎಂಬ ಪ್ರತ್ಯೇಕ ಅಕ್ಷರ. ಪಾಯಿಂಟು ಕೊಟ್ಟು ಬಿಸಿನೆಸ್‌ಗೆ ಏರಬೇಕಾದರೆ ಈ ಯು ತೆರೆದಿರಲೇಬೇಕು. ಜೆ9 ಎಂದು ಕಂಡರೆ ಕನಿಷ್ಠ ಒಂಬತ್ತು ಸೀಟು ಮಾರಾಟಕ್ಕಿದೆ ಎಂದರ್ಥ, ತೋರಿಸುವ ಗರಿಷ್ಠ ಸಂಖ್ಯೆಯೇ ಒಂಬತ್ತು. ಅದರ ಪಕ್ಕದಲ್ಲೇ ಯು0 ಇರಬಹುದು. ಸೀಟು ಬೇಕಾದಷ್ಟಿದ್ದರೂ ಅವನ್ನೆಲ್ಲ ಹಣಕ್ಕೇ ಮಾರಬಹುದು ಎಂಬ ಲೆಕ್ಕ ಸಂಸ್ಥೆಯದ್ದು. ಜೆ4 ಮಾತ್ರ ಉಳಿದ ವಿಮಾನದಲ್ಲಿ ಯು2 ತೆರೆದಿರುವುದೂ ಉಂಟು.

ಇಲ್ಲಿ ಒಂದು ಅನುಕೂಲವಿದೆ. ಪೂರ್ತಿ ಪಾಯಿಂಟಿನಲ್ಲಿ ಟಿಕೆಟ್ ಕೊಳ್ಳುವವರಿಗೂ ಪಾಯಿಂಟಿನಿಂದ ಮೇಲಿನ ಕ್ಯಾಬಿನ್ನಿಗೆ ಏರುವವರಿಗೂ ಈ ಸಂಸ್ಥೆಯಲ್ಲಿ ಅದೇ ಯು. ಆದ್ದರಿಂದ ವೆಬ್‌ಸೈಟಿನಲ್ಲಿ ಉಚಿತ ಸದಸ್ಯತ್ವ ಪಡೆದು ‘ರಿವಾರ್ಡ್ ಫ್ಲೈಟ್’ ಹುಡುಕಿದರೆ ಸಾಕು, ಅಲ್ಲಿ ಬಿಸಿನೆಸ್ ಸೀಟು ಕಂಡ ದಿನ ಅಪ್‌ಗ್ರೇಡ್ ಸೀಟೂ ಇದೆ ಎಂದೇ ತಿಳಿಯಬಹುದು. ಎಲ್ಲ ಸಂಸ್ಥೆಗಳಲ್ಲೂ ಹೀಗಿಲ್ಲ. ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಬಿಸಿನೆಸ್‌ಗೆ ಏರಿಸುವ ಕಟ್ಟು ಸಿ, ಯುನೈಟೆಡ್‌ನಲ್ಲಿ ಪಿಝಡ್, ಏರ್ ಕೆನಡಾದಲ್ಲಿ ಆರ್. ಅಲ್ಲಿ ಪಾಯಿಂಟಿನ ಟಿಕೆಟ್ ಕಂಡಿತೆಂದು ಅಪ್‌ಗ್ರೇಡ್ ಸಿಗುತ್ತದೆ ಎಂದು ನಂಬುವಂತಿಲ್ಲ. ಅಕ್ಷರವನ್ನೇ ನೋಡಬೇಕಾದಲ್ಲಿ ಎಕ್ಸ್‌ಪರ್ಟ್‌ಫ್ಲೈಯರ್ ಎಂಬ ಚಂದಾ ಸೇವೆ ನೆರವಾಗುತ್ತದೆ, ಬೇಕಾದ ಅಕ್ಷರ ತೆರೆದಾಗ ಇಮೇಲ್ ಬರುವ ಹಾಗೆಯೂ ಇಟ್ಟುಕೊಳ್ಳಬಹುದು.

ಯಾವ ಟಿಕೆಟಿನ ಮೇಲೆ ಏರಬೇಕು

ಮಗಳ ಮೊದಲ ಯೋಚನೆ ಎಲ್ಲರಿಗೂ ಬರುವಂಥದ್ದೇ: ಅಗ್ಗದ ಎಕಾನಮಿ ಟಿಕೆಟ್ ಕೊಂಡು, ಪಾಯಿಂಟಿನಿಂದ ಬಿಸಿನೆಸ್‌ಗೆ ಏರಿಸುವುದು. ಇದು ಎರಡು ಕಡೆ ಮುರಿದು ಬೀಳುತ್ತದೆ. ಏವಿಯೋಸ್‌ನಿಂದ ಒಂದು ಸಲಕ್ಕೆ ಒಂದು ಕ್ಯಾಬಿನ್ ಮಾತ್ರ ಏರಬಹುದು. ಎಕಾನಮಿಯಿಂದ ಪ್ರೀಮಿಯಂಗೆ, ಪ್ರೀಮಿಯಂನಿಂದ ಬಿಸಿನೆಸ್‌ಗೆ. ಎಕಾನಮಿಯ ಅತಿ ಅಗ್ಗದ ಕ್ಯೂ, ಒ, ಜಿ ದರದ ಟಿಕೆಟುಗಳನ್ನಂತೂ ಪಾಯಿಂಟಿನಿಂದ ಏರಿಸಲು ಬರುವುದೇ ಇಲ್ಲ. ರಿಯಾಯಿತಿ ಮಾರಾಟದಲ್ಲಿ ಸಿಗುವುದು ಹೆಚ್ಚಾಗಿ ಇವೇ. ಟಿಕೆಟ್ ಕೊಂಡ ಮೇಲೆ ಈ ಸಂಗತಿ ಗೊತ್ತಾದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಪ್ರೀಮಿಯಂ ಎಕಾನಮಿಯನ್ನು ಹಣಕ್ಕೆ ಕೊಂಡು ಅಲ್ಲಿಂದ ಏರುವುದು ಈ ಪ್ರಕರಣದಲ್ಲಿ ಸರಿಯಾದ ದಾರಿ. ಕಾರಣ ಸೀಟಿನ ಎಣಿಕೆಯಲ್ಲೂ ಇದೆ, ತೆರಿಗೆಯಲ್ಲೂ ಇದೆ. ಉದ್ದ ಹಾರಾಟದ ಪ್ರತಿ ವಿಮಾನದಲ್ಲಿ ಎಕಾನಮಿಯ 8, ಪ್ರೀಮಿಯಂನ 2, ಬಿಸಿನೆಸ್‌ನ 4 ಸೀಟುಗಳನ್ನಾದರೂ ಪಾಯಿಂಟಿಗೆ ಕೊಡುವುದಾಗಿ ಸಂಸ್ಥೆ ಹೇಳಿಕೊಂಡಿದೆ. ಹೊರಡುವುದಕ್ಕೆ 355 ದಿನ ಮುಂಚೆ ಅವು ತೆರೆಯುತ್ತವೆ. ಅಂದಮೇಲೆ ಪ್ರೀಮಿಯಂಗೆ ಏರುವ ಬಾಗಿಲಿಗಿಂತ ಬಿಸಿನೆಸ್‌ಗೆ ಏರುವ ಬಾಗಿಲೇ ಅಗಲ. ಜನ ಅಂದುಕೊಳ್ಳುವುದು ಇದಕ್ಕೆ ತದ್ವಿರುದ್ಧ.

ಇನ್ನು ತೆರಿಗೆ. ಭಾರತದಿಂದ ಶುರುವಾಗುವ ಪ್ರಯಾಣದ ದರದ ಮೇಲೆ ಎಕಾನಮಿಗೆ ಶೇ 5 ಜಿಎಸ್‌ಟಿ. ಅದರ ಮೇಲಿನ ಎಲ್ಲ ಕ್ಯಾಬಿನ್ನುಗಳಿಗೂ, ಪ್ರೀಮಿಯಂ ಎಕಾನಮಿಯೂ ಸೇರಿ, ಮೊದಲು ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ. ಬ್ರಿಟನ್ನಿನಿಂದ ಹೊರಡುವ ವಿಮಾನ ಪ್ರಯಾಣದ ಮೇಲಿನ ತೆರಿಗೆಯಾದ ಏರ್ ಪ್ಯಾಸೆಂಜರ್ ಡ್ಯೂಟಿಯ ಕಟ್ಟಳೆಯೂ ಇದೇ ತೆರನಾದದ್ದು: ವಿಮಾನದ ಅತಿ ಕೆಳಗಿನ ಕ್ಯಾಬಿನ್ನಿಗೆ ಒಂದು ದರ, ಉಳಿದುದಕ್ಕೆಲ್ಲ ಇನ್ನೊಂದು. ಭಾರತವೂ ಅಮೆರಿಕವೂ ಬೀಳುವ 2,001–5,500 ಮೈಲಿ ವರ್ಗದಲ್ಲಿ 2025ರ ಏಪ್ರಿಲ್‌ನಿಂದ 90 ಮತ್ತು 216 ಪೌಂಡ್ ಇತ್ತು, 2026ರ ಏಪ್ರಿಲ್ 1ರಿಂದ 102 ಮತ್ತು 244 ಪೌಂಡ್. ಎರಡೂ ದೇಶದ ತೆರಿಗೆ ನೆಗೆಯುವುದು ಎಕಾನಮಿಗೂ ಪ್ರೀಮಿಯಂಗೂ ನಡುವೆ. ಪ್ರೀಮಿಯಂನಿಂದ ಬಿಸಿನೆಸ್‌ಗೆ ಏರುವಾಗ ಅದೇ ದರ ಮುಂದುವರಿಯುತ್ತದೆ. ಪ್ರೀಮಿಯಂ ಟಿಕೆಟ್ ಕೊಂಡವರು ಮೇಲಿನ ದರದ ತೆರಿಗೆಯನ್ನು ಆಗಲೇ ಕಟ್ಟಿರುತ್ತಾರೆ. ಬಿಸಿನೆಸ್‌ಗೆ ಏರುವಾಗ ಅವರಿಗೆ ಬೀಳುವುದು ಪಾಯಿಂಟು ಮತ್ತು ವಿಮಾನ ಸಂಸ್ಥೆಯ ಸ್ವಂತ ಸರ್‌ಚಾರ್ಜಿನ ವ್ಯತ್ಯಾಸ.

ಲಂಡನ್ನಿನಲ್ಲಿ ನೆಂಟರಿದ್ದಾರೆ, ಹೋಗುವಾಗ ಮೂರು ದಿನ ಅಲ್ಲಿದ್ದು ಹೋಗೋಣ ಎಂಬ ಮಾತೂ ಮನೆಯಲ್ಲಿ ಬಂದಿತ್ತು. ಬೆಂಗಳೂರಿನಿಂದ ಬಾಸ್ಟನ್‌ಗೆ ಒಂದೇ ಟಿಕೆಟಿನಲ್ಲಿ, 24 ಗಂಟೆಯೊಳಗೆ ಲಂಡನ್ ದಾಟಿ ಹೋದರೆ ಈ ಡ್ಯೂಟಿಯೇ ಬೀಳುವುದಿಲ್ಲ. ಮೂರು ದಿನ ಉಳಿದರೆ ಲಂಡನ್ನಿನಿಂದ ಹೊರಡುವ ಹಂತಕ್ಕೆ ಪ್ರೀಮಿಯಂನಲ್ಲಿ ತಲಾ 244 ಪೌಂಡ್, ಇಬ್ಬರಿಗೆ 488. ಜೊತೆಗೆ ಬ್ರಿಟನ್ನಿನ ವೀಸಾ ಬೇರೆ. ನಿಲ್ದಾಣದ ಒಳಗೇ ವಿಮಾನ ಬದಲಿಸುವುದಾದರೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಹೊಂದಿದ ಭಾರತೀಯರಿಗೆ ಟ್ರಾನ್ಸಿಟ್ ವೀಸಾ ಬೇಡ. ನೆಂಟರ ಮನೆಯ ಕಾರ್ಯಕ್ರಮ ಕೈಬಿಟ್ಟದ್ದು ಈ ಲೆಕ್ಕದ ಮೇಲೆ.

ನಾಲ್ಕು ಹಂತ, ಒಂದೊಂದಕ್ಕೂ ಬೇರೆ ಬೆಲೆ

ಅಪ್‌ಗ್ರೇಡ್ ಲೆಕ್ಕ ಹಂತದ ಮೇಲೆ. ಹೋಗಿಬರುವ ಪ್ರಯಾಣದಲ್ಲಿ ನಾಲ್ಕು ಹಂತಗಳಿವೆ, ನಾಲ್ಕನ್ನೂ ಏರಿಸುವ ಪಾಯಿಂಟು ಇಲ್ಲ. ಯಾವುದಕ್ಕೆ ಖರ್ಚು ಮಾಡಬೇಕು ಎಂಬುದನ್ನು ಗಡಿಯಾರ ನೋಡಿ ತೀರ್ಮಾನಿಸಬೇಕು. ಬೆಂಗಳೂರಿನಿಂದ ಲಂಡನ್ನಿನ ವಿಮಾನ ಬೆಳಿಗ್ಗೆ ಹೊರಡುತ್ತದೆ, ಹತ್ತು ಗಂಟೆಗೂ ಮೀರಿದ ಹಾರಾಟವಾದರೂ ಪೂರ್ತಿ ಹಗಲು. ಲಂಡನ್–ಬಾಸ್ಟನ್ ಕೂಡ ಹಗಲು. ವಾಪಸಿನಲ್ಲಿ ಬಾಸ್ಟನ್–ಲಂಡನ್ ರಾತ್ರಿಯ ಹಾರಾಟ, ಆದರೆ ಆರೂವರೆ ಗಂಟೆಯ ಆಸುಪಾಸಿನದು. ಊಟ, ಉಪಾಹಾರ ಕಳೆದರೆ ನಿದ್ದೆಗೆ ಸಿಗುವುದು ನಾಲ್ಕು ಗಂಟೆ. ಲಂಡನ್–ಬೆಂಗಳೂರು ಮಧ್ಯಾಹ್ನದ ಮೇಲೆ ಹೊರಟು ಮರುದಿನ ನಸುಕಿಗೆ ಇಳಿಯುತ್ತದೆ, ಸುಮಾರು ಹತ್ತು ಗಂಟೆ. ಹಿಂದಿನ ರಾತ್ರಿಯ ನಿದ್ದೆಗೇಡಿನ ಮೇಲೆ ಬರುವ ಹಂತ ಅದು, ಇಳಿದ ಮೇಲೆ ಮೈಸೂರಿಗೆ ಕಾರಿನ ದಾರಿಯೂ ಬಾಕಿ. ಮೊದಲ ಆದ್ಯತೆ ಅದಕ್ಕೇ. ಎರಡನೆಯದು ಬಾಸ್ಟನ್–ಲಂಡನ್. ಹಗಲಿನ ಎರಡು ಹಂತಗಳಿಗೆ 38 ಅಂಗುಲ ಅಂತರದ ಪ್ರೀಮಿಯಂ ಸೀಟು ಸಾಕು. ಹೋಗುವಾಗಲೇ ಬಿಸಿನೆಸ್ ಇರಲಿ, ಸಂಭ್ರಮದ ಪ್ರಯಾಣವಲ್ಲವೇ ಎಂದು ಮನಸ್ಸು ಎಳೆಯುತ್ತದೆ. ದೇಹಕ್ಕೆ ಹಾಸಿಗೆ ಬೇಕಾಗುವುದು ಬರುವಾಗ.

ಹುಡುಕುವಾಗ ಲಂಡನ್–ಬೆಂಗಳೂರನ್ನು ಒಂಟಿಯಾಗಿ, ಬಿಸಿನೆಸ್, ಇಬ್ಬರು ಎಂದು ಕೊಟ್ಟು ಸೆಪ್ಟೆಂಬರ್ ಮಧ್ಯದ ಒಂದು ವಾರ ನೋಡಬೇಕು. ಆಮೇಲೆ ಅದನ್ನೇ ಬಾಸ್ಟನ್–ಬೆಂಗಳೂರು ಎಂದು ಜೋಡಿಸಿ ನೋಡಬೇಕು. ಒಂಟಿಯಾಗಿ ಕಂಡ ಸೀಟು ಜೋಡಿಸಿದಾಗ ಮಾಯವಾಗುವುದುಂಟು, ಜೋಡಿಸಿದಾಗ ಮಾತ್ರ ಕಾಣುವುದೂ ಉಂಟು; ಜೋಡಿ ಹಂತಗಳ ಲಭ್ಯತೆಯನ್ನು ಸಂಸ್ಥೆ ಬೇರೆಯಾಗಿ ನಿಯಂತ್ರಿಸುತ್ತದೆ. ಇಬ್ಬರಿಗೆ ಇಲ್ಲ ಎಂದು ಬಂದ ದಿನಗಳನ್ನು ಒಬ್ಬರಿಗೆ ಎಂದು ಇನ್ನೊಮ್ಮೆ ಕೇಳಬೇಕು. ಯು1 ಇದ್ದಾಗ ಇಬ್ಬರಿಗಾಗಿ ಹುಡುಕಿದರೆ ಏನೂ ಇಲ್ಲ ಎಂಬ ಉತ್ತರವೇ ಬರುತ್ತದೆ.

ಸಿಕ್ಕಿದ್ದು ಹೀಗೆ. ಲಂಡನ್–ಬೆಂಗಳೂರಿನಲ್ಲಿ ಅವರು ಅಂದುಕೊಂಡ ಮಂಗಳವಾರ ಯು0, ಬುಧವಾರ ಯು4, ಗುರುವಾರ ಯು1. ಬಾಸ್ಟನ್–ಲಂಡನ್‌ನಲ್ಲಿ ಬುಧವಾರದ ವಿಮಾನಕ್ಕೆ ಹೊಂದುವ ಹಿಂದಿನ ರಾತ್ರಿ ಯು1 ಮಾತ್ರ. ಪ್ರಯಾಣವನ್ನು ಒಂದು ದಿನ ಮುಂದೆ ತಳ್ಳಿದರು, ಟಿಕೆಟ್ ಕೊಂಡಿರಲಿಲ್ಲವಾದ್ದರಿಂದ ಖರ್ಚಿಲ್ಲದೆ ಆಯಿತು. ಮೊದಲು ಮಂಗಳವಾರದ ಟಿಕೆಟ್ ಕೊಂಡಿದ್ದರೆ ದಿನ ಬದಲಿಸುವ ಶುಲ್ಕ, ದರದ ವ್ಯತ್ಯಾಸ ಎರಡೂ ಬೀಳುತ್ತಿದ್ದವು. ಮೇಲಿನ ಕ್ಯಾಬಿನ್ ಯಾವ ದಿನ ತೆರೆದಿದೆ ಎಂದು ನೋಡಿ ಆ ದಿನಕ್ಕೆ ಕೆಳಗಿನ ಕ್ಯಾಬಿನ್ನಿನ ಟಿಕೆಟ್ ಕೊಳ್ಳಬೇಕು. ಇಡೀ ಪ್ರಕರಣ ನಿಂತಿರುವುದು ಈ ಅನುಕ್ರಮದ ಮೇಲೆ.

ಅದೇ ವಿಮಾನ ಯಾವ ಮಾದರಿಯದು ಎಂಬುದನ್ನೂ ನೋಡಬೇಕು. 2019ರಲ್ಲಿ ಏರ್‌ಬಸ್ ಎ350-1000ದೊಂದಿಗೆ ಬಂದ ಕ್ಲಬ್ ಸ್ವೀಟ್ ಎಂಬ ಹೊಸ ಬಿಸಿನೆಸ್ ಸೀಟಿನ ವಿನ್ಯಾಸದಲ್ಲಿ ಸಾಲಿಗೆ 1-2-1, ಪ್ರತಿ ಸೀಟಿನಿಂದಲೂ ನೇರವಾಗಿ ನಡುದಾರಿಗೆ ಇಳಿಯಬಹುದು. ಹಳೆಯ ವಿನ್ಯಾಸದಲ್ಲಿ ಒಬ್ಬರು ಮುಂದಕ್ಕೆ, ಒಬ್ಬರು ಹಿಂದಕ್ಕೆ ಮುಖ ಮಾಡಿ ಕೂರುತ್ತಾರೆ. ಒಳಗಿನ ಸೀಟಿನವರು ಎದ್ದು ಹೋಗಲು ಪಕ್ಕದವರ ಚಾಚಿದ ಕಾಲು ದಾಟಬೇಕು. ಮಂಡಿ ನೋವಿನವರಿಗೆ ಇದು ಚಿಕ್ಕ ವಿಷಯವಲ್ಲ. ಹಳೆಯ ವಿನ್ಯಾಸವೇ ಬಂದರೆ ಯಜಮಾನರಿಗೆ ನಡುದಾರಿಯ ಸೀಟು, ದುಡ್ಡು ಕೊಟ್ಟಾದರೂ ಮುಂಚೆಯೇ ಹಿಡಿಯುವುದು ಲೇಸು.

ಪಾಯಿಂಟು ಯಾವಾಗ ವರ್ಗಾಯಿಸಬೇಕು

ಚೇಸ್‌ನಿಂದ ಏವಿಯೋಸ್‌ಗೆ ಹೋದ ಪಾಯಿಂಟು ಹಿಂದಕ್ಕೆ ಬರುವುದಿಲ್ಲ. ಸೀಟು ಕಣ್ಣಿಗೆ ಕಾಣುವ ತನಕ ವರ್ಗಾವಣೆ ಮಾಡಬಾರದು. ಸದಸ್ಯತ್ವದ ಖಾತೆಯನ್ನು ಮಾತ್ರ ವಾರಗಟ್ಟಲೆ ಮುಂಚೆ ತೆರೆದು, ಹೆಸರು ಎರಡೂ ಕಡೆ ಅಕ್ಷರಶಃ ಒಂದೇ ಇರುವಂತೆ ನೋಡಿಕೊಳ್ಳಬೇಕು. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ಕಡೆಯವರ ಹೆಸರುಗಳು ತೊಡಕು ತರುವುದು ಇಲ್ಲೇ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ತಂದೆಯ ಪೂರ್ತಿ ಹೆಸರು ಇದ್ದರೆ ವರ್ಗಾವಣೆ ಸಿಕ್ಕಿಹಾಕಿಕೊಳ್ಳಬಹುದು, ಅಷ್ಟರಲ್ಲಿ ಸೀಟು ಹೋಗಿರುತ್ತದೆ.

ಬೇಕಾಗುವ ಏವಿಯೋಸ್ ಅಂದರೆ ಆ ಹಂತದ ಬಿಸಿನೆಸ್ ಮತ್ತು ಪ್ರೀಮಿಯಂ ಪಾಯಿಂಟ್ ಬೆಲೆಗಳ ವ್ಯತ್ಯಾಸ. ಲೆಕ್ಕಕ್ಕಾಗಿ ತಲಾ 24,000 ಎಂದು ಹಿಡಿಯೋಣ, ಸರ್‌ಚಾರ್ಜಿನ ವ್ಯತ್ಯಾಸ ತಲಾ 9,600 ರೂಪಾಯಿ. ಅದೇ ಹಂತವನ್ನು ಬರೀ ಹಣಕ್ಕೆ ಏರಿಸಲು ಸಂಸ್ಥೆ 60,000 ಕೇಳುತ್ತದೆ ಎಂದುಕೊಳ್ಳೋಣ. 60,000ದಲ್ಲಿ 9,600 ಕಳೆದರೆ 50,400. 24,000ದಿಂದ ಭಾಗಿಸಿದರೆ ಪಾಯಿಂಟಿಗೆ 2 ರೂಪಾಯಿ 10 ಪೈಸೆ ಬೆಲೆ ಬಂತು. ಚೇಸ್ ಪಾಯಿಂಟನ್ನು ನಗದು ಮಾಡಿದರೆ ಸಿಗುವುದು ಒಂದು ಸೆಂಟ್, ಅಂದರೆ ಒಂದು ರೂಪಾಯಿಯ ಆಸುಪಾಸು. ಹಾಗಾಗಿ ಪಾಯಿಂಟೇ ಮೇಲು. ಹಣದ ಬೆಲೆ 30,000ಕ್ಕೆ ಇಳಿದರೆ ಪಾಯಿಂಟಿನ ಬೆಲೆ 85 ಪೈಸೆ. ಆಗ ಹಣ ಕೊಟ್ಟು ಪಾಯಿಂಟು ಉಳಿಸಿಕೊಳ್ಳುವುದೇ ಸರಿ. ಈ ಭಾಗಾಕಾರ ಮಾಡದೆ ಪಾಯಿಂಟು ಸುರಿಯುವವರೇ ಹೆಚ್ಚು.

ಟಿಕೆಟ್ ಮತ್ತು ಅಪ್‌ಗ್ರೇಡ್ ಎರಡನ್ನೂ ಒಂದೇ ಸಲ ಬುಕ್ ಮಾಡುವುದು ಉತ್ತಮ. ಹಣದಿಂದ ಕೊಂಡು ಏವಿಯೋಸ್‌ನಿಂದ ಏರಿಸುವ ಆಯ್ಕೆ ಸಂಸ್ಥೆಯ ವೆಬ್‌ಸೈಟಿನಲ್ಲೇ ಇದೆ. ನಾಲ್ಕು ಹಂತದಲ್ಲಿ ಒಂದನ್ನು ಮಾತ್ರ ಏರಿಸಬೇಕಾದಾಗ ವೆಬ್‌ಸೈಟು ತಡವರಿಸಿದರೆ ಫೋನ್ ಮಾಡಬೇಕು. ‘ಅಪ್‌ಗ್ರೇಡ್ ಇದೆಯಾ’ ಎಂದು ಕೇಳಿದರೆ ಹಾರಿಕೆಯ ಉತ್ತರ ಬರಬಹುದು. ವಿಮಾನದ ಸಂಖ್ಯೆ, ತಾರೀಖು, ‘ಟಿ ಕ್ಲಾಸಿನಿಂದ ಯು ಕ್ಲಾಸಿಗೆ, ಇಬ್ಬರು, ಯು4 ತೆರೆದಿದೆ’ ಎಂದು ಹೇಳಿದರೆ ಕೆಲಸ ಬೇಗ ಮುಗಿಯುತ್ತದೆ. ಮುಗಿಸುವ ಮುನ್ನ ಟಿಕೆಟ್ ಹೊಸದಾಗಿ ವಿತರಣೆಯಾಗಿದೆಯೇ ಎಂದು ಕೇಳಬೇಕು. ಬುಕಿಂಗಿನಲ್ಲಿ ಬಿಸಿನೆಸ್ ಎಂದು ಕಾಣುತ್ತಿದ್ದು, ಇ-ಟಿಕೆಟ್ ಹಳೆಯದೇ ಉಳಿದಿದ್ದರೆ ಚೆಕ್‌ಇನ್ ಕೌಂಟರಿನಲ್ಲಿ ತಡೆ ಬೀಳುತ್ತದೆ.

ಎಲ್ಲಿ ಮುರಿಯುತ್ತದೆ

ಬಾಸ್ಟನ್ ಹಂತದಲ್ಲಿ ಬ್ರಿಟಿಷ್ ಏರ್‌ವೇಸ್ ಸಂಖ್ಯೆಯಿದ್ದರೂ ಅಮೆರಿಕನ್ ಏರ್‌ಲೈನ್ಸ್ ಹಾರಿಸುವ ವಿಮಾನಗಳು ಪಟ್ಟಿಯಲ್ಲಿ ಬರುತ್ತವೆ. ‘ಆಪರೇಟೆಡ್ ಬೈ’ ಎಂಬ ಸಾಲು ಓದದೆ ಅಂಥದ್ದನ್ನು ಕೊಂಡರೆ ಮೇಲೆ ಹೇಳಿದ ದಾರಿ ಮುಚ್ಚಿಹೋಗುತ್ತದೆ. ಮಾರುವವರೂ ಹಾರಿಸುವವರೂ ಒಬ್ಬರೇ ಆಗಿರಬೇಕು.

ಇನ್ನೊಂದು, ಟಿಕೆಟನ್ನು ಬುಕಿಂಗ್ ಆ್ಯಪಿನ ಮೂಲಕ ಕೊಳ್ಳುವುದು. ಎರಡು ಮೂರು ಸಾವಿರ ರೂಪಾಯಿ ಉಳಿಯುತ್ತದೆ ನಿಜ. ಆದರೆ ಅಪ್‌ಗ್ರೇಡ್ ಎಂದರೆ ಟಿಕೆಟಿನ ಮರುವಿತರಣೆ, ಏಜೆಂಟರು ವಿತರಿಸಿದ ಟಿಕೆಟ್ ಮುಟ್ಟಲು ವಿಮಾನ ಸಂಸ್ಥೆ ಹಿಂಜರಿಯುತ್ತದೆ, ಏಜೆಂಟರಿಗೆ ಪಾಯಿಂಟಿನ ವ್ಯವಹಾರ ಗೊತ್ತಿರುವುದಿಲ್ಲ. ಇಬ್ಬರ ನಡುವೆ ಓಡಾಡುವಷ್ಟರಲ್ಲಿ ಯು4 ಎಂಬುದು ಯು0 ಆಗಿರುತ್ತದೆ. ಅಪ್‌ಗ್ರೇಡ್ ಉದ್ದೇಶವಿದ್ದರೆ ಸಂಸ್ಥೆಯ ಬಳಿಯೇ ಕೊಳ್ಳಬೇಕು.

ಬಾಸ್ಟನ್–ಲಂಡನ್‌ನ ಆ ಯು1ನ ಪ್ರಶ್ನೆ ಉಳಿಯಿತು. ಅಮ್ಮನನ್ನಾದರೂ ಏರಿಸೋಣ ಎಂದು ಮಗಳು ಯೋಚಿಸಿದಳು. ಒಂದೇ ಪಿಎನ್‌ಆರ್‌ನಲ್ಲಿರುವ ಇಬ್ಬರಲ್ಲಿ ಒಬ್ಬರನ್ನು ಏರಿಸಲು ಬುಕಿಂಗ್ ಒಡೆಯಬೇಕು. ಒಡೆದ ಮೇಲೆ ವಿಮಾನ ರದ್ದಾದರೆ ಅಥವಾ ಲಂಡನ್ನಿನಲ್ಲಿ ಸಂಪರ್ಕ ತಪ್ಪಿದರೆ ವ್ಯವಸ್ಥೆ ಇಬ್ಬರನ್ನು ಎರಡು ಬೇರೆ ವಿಮಾನಕ್ಕೆ ಹಾಕಬಹುದು. ಒಬ್ಬರಿಗೆ ವೀಲ್‌ಚೇರ್ ಬೇಕು, ಇಂಗ್ಲಿಷಿನಲ್ಲಿ ಮಾತಾಡಿ ನಿಭಾಯಿಸುವುದು ಇನ್ನೊಬ್ಬರಿಗೆ ಕಷ್ಟ. ಹೀಗಿರುವಾಗ ಒಡೆಯಬಾರದು. ಎಕ್ಸ್‌ಪರ್ಟ್‌ಫ್ಲೈಯರ್‌ನಲ್ಲಿ ಯು2ಕ್ಕೆ ಎಚ್ಚರಿಕೆ ಹಾಕಿಟ್ಟು ಕಾದರು, ತೆರೆಯಲಿಲ್ಲ. ಹೊರಡುವ ಕೆಲವು ದಿನ ಮುಂಚೆ ‘ಮ್ಯಾನೇಜ್ ಮೈ ಬುಕಿಂಗ್’ ಪುಟದಲ್ಲಿ ಹಣಕ್ಕೆ ಏರುವ ಆಹ್ವಾನ ಬಂತು. ನಾಲ್ಕು ಗಂಟೆಯ ನಿದ್ದೆಗೆ ಅಷ್ಟು ದುಡ್ಡು ಹೆಚ್ಚೆನಿಸಿ ಬಿಟ್ಟರು. ಈ ಆಹ್ವಾನದ ಬೆಲೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಪ್ರತಿ ಹಂತಕ್ಕೂ ಮೊದಲೇ ಒಂದು ಮಿತಿ ಬರೆದಿಟ್ಟುಕೊಂಡು ಆಗಾಗ ನೋಡಬೇಕು. ಬೇರೆ ಕೆಲವು ಸಂಸ್ಥೆಗಳಲ್ಲಿ, ಉದಾಹರಣೆಗೆ ಲುಫ್ತಾನ್ಸಾ, ಸಿಂಗಾಪುರ್ ಏರ್‌ಲೈನ್ಸ್, ಎತಿಹಾದ್‌ನಲ್ಲಿ, ಹರಾಜಿನಂತೆ ಬೆಲೆ ಕೂಗುವ ವ್ಯವಸ್ಥೆಯಿದೆ. ಅಲ್ಲಿ ನಮೂದಿಸುವ ಮೊತ್ತ ಸಾಮಾನ್ಯವಾಗಿ ಒಬ್ಬರಿಗೆ, ಒಂದು ಹಂತಕ್ಕೆ. ಇಬ್ಬರಿಗೆ ಎಂದು ತಪ್ಪು ತಿಳಿದು ಕೂಗಿದರೆ ಕಾರ್ಡಿನಿಂದ ಎರಡು ಪಟ್ಟು ಹೋಗುತ್ತದೆ, ಒಪ್ಪಿಗೆಯಾದ ಮೇಲೆ ವಾಪಸಿಲ್ಲ.

ಕೌಂಟರಿನಲ್ಲಿ ನಯವಾಗಿ ಕೇಳಿದರೆ ಉಚಿತವಾಗಿ ಏರಿಸುತ್ತಾರೆ ಎಂಬ ನಂಬಿಕೆಯ ಮೇಲೆ ವಯಸ್ಸಾದವರ ಪ್ರಯಾಣ ಕಟ್ಟಬಾರದು. ಕೆಳಗಿನ ಕ್ಯಾಬಿನ್ನಿನಲ್ಲಿ ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದ್ದಾಗ ಕೆಲವರನ್ನು ಮೇಲಕ್ಕೆ ಕಳಿಸುವುದು ನಿಜ, ಆದರೆ ಆ ಸರದಿಯಲ್ಲಿ ಮುಂದೆ ನಿಲ್ಲುವವರು ಸಂಸ್ಥೆಯ ಗೋಲ್ಡ್, ಸಿಲ್ವರ್ ಸದಸ್ಯರು.

ಏರಿದ ಮೇಲಿನ ಕೆಲಸ

ಅಪ್‌ಗ್ರೇಡ್ ಆದ ಕ್ಷಣ ಹಳೆಯ ಸೀಟು ಹೋಗುತ್ತದೆ, ಅದಕ್ಕೆ ಕೊಟ್ಟ ಕೋರಿಕೆಗಳೂ ಜೊತೆಗೆ ಅಳಿಸಿಹೋಗಿರಬಹುದು. ವೀಲ್‌ಚೇರ್ ಕೋರಿಕೆ ಉಳಿದಿದೆಯೇ ನೋಡಬೇಕು. ಮೆಟ್ಟಿಲು ಹತ್ತಲಾಗದ, ಆದರೆ ಸೀಟಿನ ತನಕ ನಡೆಯಬಲ್ಲವರಿಗೆ ಡಬ್ಲ್ಯುಸಿಎಚ್‌ಎಸ್ ಎಂಬ ಕೋಡ್. ಡಬ್ಲ್ಯುಸಿಎಚ್‌ಆರ್ ಎಂದಿದ್ದರೆ ಮೆಟ್ಟಿಲು ಹತ್ತಬಲ್ಲರು ಎಂದು ತಿಳಿಯುತ್ತಾರೆ, ಏಣಿ ಹಚ್ಚಿದ ವಿಮಾನದ ಕೆಳಗೆ ಯಜಮಾನರು ಪರದಾಡಬೇಕಾಗುತ್ತದೆ.

ಊಟವನ್ನು ಕ್ಯಾಬಿನ್ ಪ್ರಕಾರ ವಿಮಾನಕ್ಕೆ ತುಂಬುತ್ತಾರೆ. ಪ್ರೀಮಿಯಂಗೆ ಹಾಕಿದ್ದ ಸಸ್ಯಾಹಾರದ ಕೋರಿಕೆ ಬಿಸಿನೆಸ್‌ಗೆ ತಾನಾಗಿ ಬರುತ್ತದೆ ಎಂದು ನೆಚ್ಚಿಕೊಳ್ಳದೆ, ಹೊರಡುವ 24 ಗಂಟೆಗೆ ಮುಂಚೆಯೇ ಹೊಸದಾಗಿ ಹಾಕಬೇಕು. ‘ಹಿಂದೂ ಮೀಲ್’ ಎಂಬ ಹೆಸರು ನೋಡಿ ಅದನ್ನು ಒತ್ತಬಾರದು. ಅದರಲ್ಲಿ ಗೋಮಾಂಸ ಇರುವುದಿಲ್ಲ ಅಷ್ಟೇ, ಕೋಳಿ, ಕುರಿ, ಮೀನು ಇರಬಹುದು. ಸಸ್ಯಾಹಾರಿಗಳಿಗೆ ಬೇಕಾದದ್ದು ಎವಿಎಂಎಲ್, ಏಷಿಯನ್ ವೆಜಿಟೇರಿಯನ್. ಕೊನೆಗಳಿಗೆಯಲ್ಲಿ ಕೌಂಟರಿನಲ್ಲಿ ಏರಿದವರಿಗೆ ಈ ಊಟ ಮೇಲಿನ ಕ್ಯಾಬಿನ್ನಿನಲ್ಲಿ ಇರದೇ ಇರಬಹುದು. ಪ್ರೀಮಿಯಂನಲ್ಲಿ ಉಳಿದಿರುವ ತಮ್ಮ ತಟ್ಟೆಯನ್ನೇ ತಂದುಕೊಡಿ ಎಂದು ಸಿಬ್ಬಂದಿಗೆ ಹೇಳಿದರೆ ಆಗುತ್ತದೆ.

ಸಾಮಾನಿನ ಮಿತಿ ಪ್ರೀಮಿಯಂನಲ್ಲಿ ತಲಾ 23 ಕೆಜಿಯ ಎರಡು ಪೆಟ್ಟಿಗೆ, ಬಿಸಿನೆಸ್‌ನಲ್ಲಿ 32 ಕೆಜಿಯ ಎರಡು. ಇವರ ವಾಪಸು ಪ್ರಯಾಣದಲ್ಲಿ ಮೊದಲ ಹಂತ ಪ್ರೀಮಿಯಂ, ಎರಡನೆಯದು ಬಿಸಿನೆಸ್. ಪೆಟ್ಟಿಗೆ ತೂಗುವುದು ಬಾಸ್ಟನ್ ಕೌಂಟರಿನಲ್ಲಿ. ಇಂಥ ಮಿಶ್ರ ಟಿಕೆಟಿನಲ್ಲಿ ಯಾವ ಮಿತಿ ಅನ್ವಯಿಸುತ್ತದೆ ಎಂಬುದು ಇ-ಟಿಕೆಟಿನಲ್ಲೇ ಹಂತವಾರು ಮುದ್ರಿತವಾಗಿರುತ್ತದೆ. ಅದನ್ನು ಓದಿ, ಅಸ್ಪಷ್ಟವಿದ್ದರೆ 23 ಕೆಜಿಗೇ ಕಟ್ಟಬೇಕು.

ಕೊನೆಯದಾಗಿ, ಬುಕಿಂಗನ್ನು ವಾರಕ್ಕೊಮ್ಮೆಯಾದರೂ ತೆರೆದು ನೋಡುತ್ತಿರಬೇಕು. ಎ350-1000ದಲ್ಲಿ 56 ಬಿಸಿನೆಸ್ ಸೀಟುಗಳಿವೆ. ಅದರ ಜಾಗಕ್ಕೆ ಚಿಕ್ಕ ವಿಮಾನ ಬಂದರೆ ಸೀಟುಗಳ ಸಂಖ್ಯೆ ಬದಲಾಗಿ, ಅಕ್ಕಪಕ್ಕ ಹಿಡಿದಿದ್ದ ಇಬ್ಬರು ಎರಡು ತುದಿಗೆ ಹೋಗಿರುತ್ತಾರೆ. ಬದಲಾದದ್ದು ಬೇಗ ಕಣ್ಣಿಗೆ ಬಿದ್ದರೆ ನಡುವಿನ ಜೋಡಿ ಸೀಟು ಇನ್ನೂ ಸಿಗುತ್ತದೆ.